ಆಪಾಗೆ ನಾವು ಮಾಡಿದ ಸನ್ಮಾನ

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಊರಿನ ಹೆಸರನ್ನೂ ಬರೆಯುವುದಿಲ್ಲ. ಅಫ್ಘಾನಿಸ್ತಾನದವರು ಅಂದರೆ ಸಾಕು, ಅದು ದೊಡ್ಡ ದೇಶ. ನಾನು ಅವರನ್ನು ಆಪಾ ಎನ್ನುತ್ತಿದ್ದೆ. ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ಸಾಬರ ಮನೆಗಳಲ್ಲಿ ಅಕ್ಕನನ್ನು ಹಾಗೆ ಕರೆಯುತ್ತಿದ್ದರು, ಆ ರೂಢಿಯಿಂದ ಬಾಯಿಗೆ ಬಂತು. ಹೆಸರು ಮುಚ್ಚಿಡುವ ಬುದ್ಧಿ ನನಗೆ ಬಂದದ್ದು ಬಹಳ ತಡವಾಗಿ. "ಇಕಿ ಬಾಯಾಗ ಎಳ್ಳಕಾಳೂ ನೆನ್ಯಂಗಿಲ್ಲ" ಎಂದು ನಮ್ಮವ್ವ ನಾನು ಚಿಕ್ಕವಳಿದ್ದಾಗಲೇ ಹೇಳುತ್ತಿದ್ದಳು. ಆಗ ನಗು ಬರುತ್ತಿತ್ತು. ಹೋದ ತಿಂಗಳು ಸಿಡ್ನಿಗೆ ಹೋಗಿ ಆಪಾರನ್ನು ಕಂಡು ಬಂದ ಮೇಲೆ ಆ ಮಾತು ನೆನಪಾದರೆ ನಗು ಬರುವುದಿಲ್ಲ.

ನಾವಿಬ್ಬರೂ ಸಿಡ್ನಿಯಿಂದ ಒಂದು ದಿನದ ಕಾರಿನ ಹಾದಿ ದೂರದ ವಿಂಡಮ್ ವೇಲ್‌ನ ಒಂದು ಚೈಲ್ಡ್‌ಕೇರ್‌ನಲ್ಲಿ ಒಂದೇ ರೂಮಿನಲ್ಲಿ ಕೆಲಸಕ್ಕಿದ್ದೆವು. ಎರಡು ವರ್ಷದ ಮಕ್ಕಳ ರೂಮು. ನಾನು ಸೇರಿ ಆರು ವರ್ಷವಾಗಿತ್ತು, ಅವರು ಹೊಸಬರು. ವಯಸ್ಸು ಐವತ್ತರ ಹತ್ತಿರ. ಮೊದಲ ದಿನ ನಮ್ಮ ರೂಮಿನ ಲೀಡರ್, ಇಪ್ಪತ್ಮೂರು ವರ್ಷದ ಹುಡುಗಿ, ಸಿಂಕಿನ ಮುಂದೆ ಅವರನ್ನು ನಿಲ್ಲಿಸಿಕೊಂಡು ಕೈ ತೊಳೆಯುವುದು ಹೇಗೆಂದು ಗೋಡೆಯ ಚಾರ್ಟ್ ತೋರಿಸಿ ಕಲಿಸಿದಳು. ಹದಿನೇಳು ವರ್ಷ ಹೈಸ್ಕೂಲು ಹುಡುಗಿಯರಿಗೆ ಗಣಿತ ಹೇಳಿ, ಕೊನೆಯ ಆರು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದ ಹೆಂಗಸಿಗೆ! ಅವರು ಬೆರಳು ಬೆರಳಿನ ನಡುವೆ ಸೋಪು ತಿಕ್ಕಿ, ಒರೆಸಿಕೊಂಡು, ಬಲಗೈಯನ್ನು ಎದೆಯ ಮೇಲಿಟ್ಟು ತಲೆ ಬಗ್ಗಿಸಿ, "ಥ್ಯಾಂಕ್ ಯೂ, ಟೀಚರ್" ಎಂದರು. ಅದರಲ್ಲಿ ಕೊಂಕು ಇರಲಿಲ್ಲ. ಕಲಿಸಿದವರು ಟೀಚರ್, ಅಷ್ಟೆ. ಆ ಹುಡುಗಿ ನಾಚಿ ಕೆಂಪಾದಳು, ಆಮೇಲೆ ಆಪಾಗೆ ಏನನ್ನೂ ಕಲಿಸಲು ಹೋಗಲಿಲ್ಲ.

ಬೆಳಗಿನ ತಿಂಡಿಗೆ ಸೇಬು ಹೆಚ್ಚುವುದು ನಮ್ಮಿಬ್ಬರ ಪಾಳಿ. ನಾನು ಹೆಚ್ಚಿದರೆ ಒಂದು ಹೋಳು ಆನೆ, ಒಂದು ಇಲಿ. ಮಕ್ಕಳು ದೊಡ್ಡದಕ್ಕೆ ಕಿತ್ತಾಡುತ್ತಿದ್ದವು. ಆಪಾ ಹೆಚ್ಚಿದರೆ ಎಂಟನೆಯ ಒಂದು ಭಾಗ ಅಂದರೆ ಎಂಟನೆಯ ಒಂದು ಭಾಗವೇ, ತಕ್ಕಡಿಯಲ್ಲಿಟ್ಟು ನೋಡಿದರೂ ತಪ್ಪು ಸಿಗುತ್ತಿರಲಿಲ್ಲ. ಹಾಲು ಚೆಲ್ಲಿದರೆ, ಮಗು ಕಚ್ಚಿದರೆ, ಲೀಡರ್ ಮುಖ ಸಿಂಡರಿಸಿದರೆ ಎಲ್ಲಕ್ಕೂ ಅವರದೊಂದೇ ಮಾತು, "ಖೈರ್ ಅಸ್ತ್." ಇರಲಿ ಬಿಡು, ಆಗುತ್ತದೆ, ಅನ್ನುವ ಅರ್ಥ. ನಮ್ಮಿಬ್ಬರ ನಡುವೆ ಹಿಂದಿ ನಡೆಯುತ್ತಿತ್ತು. ಚಿಕ್ಕಂದಿನಲ್ಲಿ ಕೆಲವು ವರ್ಷ ಪೇಶಾವರದಲ್ಲಿ ನಿರಾಶ್ರಿತರಾಗಿದ್ದಾಗ ಉರ್ದು ಕಲಿತಿದ್ದರಂತೆ, ಮಿಕ್ಕಿದ್ದನ್ನು ಟೀವಿ ಧಾರಾವಾಹಿಗಳು ಕಲಿಸಿದ್ದವು. ನನ್ನ ಹಿಂದಿ ಹುಬ್ಬಳ್ಳಿಯದು, ಲಿಂಗವಚನದ ಹಂಗಿಲ್ಲದ್ದು. ಅವರು ಅದನ್ನು ಕೇಳಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

ನಾಲ್ಕಕ್ಕೆ ಶಿಫ್ಟ್ ಮುಗಿದರೂ ಆಪಾ ಮನೆಗೆ ಹೋಗುತ್ತಿರಲಿಲ್ಲ. ಕಾರ್ ಪಾರ್ಕಿನ ತುದಿಯಲ್ಲಿ ಅವರ ಹಳೆಯ ಬಿಳಿ ಕಾರು ಆರರ ತನಕ ನಿಂತಿರುತ್ತಿತ್ತು, ಅವರು ಒಳಗೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಸುಮ್ಮನಿರುವ ಜಾತಿಯವಳಲ್ಲ. ಒಂದು ದಿನ ಹೋಗಿ ಗಾಜು ಬಡಿದೆ. ಅವರು ಬೆಚ್ಚಿ ಫೋನನ್ನು ತೊಡೆಯ ಮೇಲೆ ಕವುಚಿ ಹಾಕಿದರು. ಸ್ಟೇರಿಂಗಿಗೆ ಒರಗಿಸಿದ್ದ ಸಣ್ಣ ಬಿಳಿ ಹಲಗೆಯ ಮೇಲೆ ಬೀಜಗಣಿತದ ಸಮೀಕರಣಗಳಿದ್ದವು.

ಮೂರು ದಿನ ಅವರು ಆ ಮಾತೇ ಎತ್ತಲಿಲ್ಲ. ನಾಲ್ಕನೆಯ ದಿನ ಸೇಬು ಹೆಚ್ಚುತ್ತ ತಾವೇ ಹೇಳಿದರು. ಅವರ ಊರಿನಲ್ಲಿ ಹೊಸ ಆಳ್ವಿಕೆ ಬಂದು ಹುಡುಗಿಯರಿಗೆ ಆರನೆಯ ತರಗತಿಯ ಆಚೆ ಶಾಲೆಯ ಬಾಗಿಲು ಮುಚ್ಚಿದ ಮೇಲೆ, ಅವರ ಹಳೆಯ ಶಾಲೆಯ ಹನ್ನೊಂದು ಹುಡುಗಿಯರು ಹೇಗೋ ಅವರನ್ನು ಹುಡುಕಿಕೊಂಡಿದ್ದರು. ವಾರಕ್ಕೆ ಐದು ದಿನ ಗಣಿತ, ವಿಜ್ಞಾನ. ಕೆಲವರು ಅಡುಗೆಮನೆಯಲ್ಲಿ, ಒಬ್ಬಳು ದನದ ಕೊಟ್ಟಿಗೆಯಲ್ಲಿ ಕೂತು ಪಾಠ ಕೇಳುತ್ತಿದ್ದರು. ಹುಡುಗಿಯರ ಕ್ಯಾಮೆರಾ ಯಾವಾಗಲೂ ಆಫ್. ಯಾರ ನಿಜವಾದ ಹೆಸರನ್ನೂ ಕರೆಯುವ ಹಾಗಿಲ್ಲ, ಎಲ್ಲರಿಗೂ ಒಂದೊಂದು ಹಣ್ಣಿನ ಹೆಸರು. ಮನೆಯಲ್ಲಿ ಪಾಠ ಮಾಡಲು ಆಪಾಗೆ ಭಯ. ಅಲ್ಲಿ ಭಾವನ ಸಂಸಾರ, ಬಂದು ಹೋಗುವ ನೆಂಟರು, ಅವರಲ್ಲಿ ಒಬ್ಬರ ಬಾಯಿಂದ ಊರು ತಲುಪಲು ಎಷ್ಟು ಹೊತ್ತು?

"ಮತ್ತೆ ನನಗೆ ಯಾಕೆ ಹೇಳಿದಿರಿ?" ಎಂದೆ.

"ನಿನಗೆ ಅಲ್ಲಿ ಯಾರೂ ಇಲ್ಲ" ಎಂದರು. "ನೀನು ಯಾರಿಗೆ ಹೇಳಿದರೂ ಅವರಿಗೂ ಅಲ್ಲಿ ಯಾರೂ ಇರುವುದಿಲ್ಲ. ಆದರೂ ಯಾರಿಗೂ ಹೇಳಬೇಡ."

ಅಂದಿನಿಂದ ಗುರುವಾರಗಳಂದು ನಾನೂ ಆ ಕಾರಿನಲ್ಲಿ ಪಕ್ಕದ ಸೀಟಿಗೆ ಹತ್ತಿದೆ. ಅರ್ಧ ಗಂಟೆ ಇಂಗ್ಲಿಷ್ ಮಾತಾಡಿಸುವ ಕೆಲಸ ನನ್ನದು. ನನ್ನನ್ನು ಹಿಂದಿ ಖಾಲಾ ಎನ್ನುತ್ತಿದ್ದರು, ಅಂದರೆ ಭಾರತದ ಚಿಕ್ಕಮ್ಮ. ದನಿಯಿಂದಲೇ ಒಬ್ಬೊಬ್ಬಳ ಗುರುತು. ಅವರಲ್ಲಿ ಒಬ್ಬಳು ದಾಳಿಂಬೆ, ಅವರ ಮಾತಿನಲ್ಲಿ ಅನಾರ್. ಹದಿನಾರು ವರ್ಷ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವವಳು. ತಪ್ಪಾದರೆ ಬಿಕ್ಕಳಿಕೆ ಬಂದ ಹಾಗೆ ನಗುತ್ತಿದ್ದಳು, ಸರಿಯಾದರೂ ಹಾಗೇ ನಗುತ್ತಿದ್ದಳು. ಆಪಾ ಅವಳನ್ನು ಗದರಿಸುವಾಗ ಅವರ ಮುಖ ನೋಡಬೇಕಿತ್ತು, ಅಷ್ಟು ಹೆಮ್ಮೆ. ಅವಳು ಎಂಜಿನಿಯರ್ ಆಗುತ್ತಾಳೆ ಎಂದು ನನ್ನೆದುರು ಎಷ್ಟೋ ಸಲ ಹೇಳಿದ್ದರು. ಹೇಗೆ, ಎಲ್ಲಿ ಎಂದು ನಾನು ಕೇಳಲಿಲ್ಲ.

ನಮ್ಮ ಮನೆಗೂ ಎರಡು ಮೂರು ಸಲ ಬಂದಿದ್ದರು. ಜೋಳದ ರೊಟ್ಟಿ, ಎಣಗಾಯಿ ಇಷ್ಟವಾಯಿತು. ನನ್ನ ಮಗಳು ಒಂಬತ್ತನೆಯ ತರಗತಿಯವಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಹಾರಾಣಿ. ಸ್ಕೂಲ್ ಹೇಗಿದೆ ಎಂದು ಆಪಾ ಕೇಳಿದ್ದಕ್ಕೆ, ತಲೆಯನ್ನೂ ಎತ್ತದೆ, "ಸೋ ಬೋರಿಂಗ್" ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೆ ಅನಿಸಿತು. ಯಾರ ಮುಂದೆ ಏನು ಮಾತು! ಆಪಾ ಮಾತ್ರ ನಕ್ಕುಬಿಟ್ಟರು. ಅಡುಗೆಮನೆಗೆ ಬಂದು, "ಬೈಯಬೇಡ ಅವಳಿಗೆ. ನನ್ನ ಹುಡುಗಿಯರಿಗೂ ಶಾಲೆ ಬೇಜಾರಾಗುವ ದಿನ ಬರಲಿ ಅಂತ ದುವಾ ಮಾಡುತ್ತೇನೆ" ಎಂದರು.

ಇನ್ನು ನನ್ನ ಘನಕಾರ್ಯ.

ಒಂದು ಗುರುವಾರ ಹುಡುಗಿಯರು ಹಟ ಹಿಡಿದರು. ಹಿಂದಿ ಖಾಲಾಳ ಮುಖ ನೋಡಬೇಕು. ಆಪಾ ಮೊದಲು ಒಲ್ಲೆ ಎಂದು ಕಡೆಗೆ ಫೋನನ್ನು ನನ್ನ ಕಡೆ ತಿರುಗಿಸಿ ಹಿಡಿದರು. ನಾನು ಕೈ ಬೀಸಿದೆ. ಆಗ ಆ ಕಡೆಯಿಂದ ಮೂರು ಹುಡುಗಿಯರು, ಹೇಳದೆ ಕೇಳದೆ, ತಮ್ಮ ಕ್ಯಾಮೆರಾ ತೆರೆದರು. ಪರದೆಯ ಮೇಲೆ ಮೂರು ಮುಖ ಅರಳಿದವು. ನಮ್ಮ ಜನಕ್ಕೆ ಎದುರಿಗೆ ಬಂದ ದೋಸೆಯ ಫೋಟೊ ತೆಗೆಯದೆ ತಿನ್ನಲು ಬರುವುದಿಲ್ಲ. ನಾನು ಯೋಚಿಸಲೂ ಇಲ್ಲ. ನನ್ನ ಫೋನ್ ಎತ್ತಿ ಆ ಪರದೆಯ ಫೋಟೊ ತೆಗೆದೆ. ಆಪಾ ನನ್ನ ಕೈ ನೋಡಿ ಗಾಬರಿಯಾಗಿ ಅವರ ಭಾಷೆಯಲ್ಲಿ ಏನೋ ಕೂಗಿದರು, ಕ್ಯಾಮೆರಾಗಳು ಆಫ್ ಆದವು. ಫೋನು ಅವರ ಕಡೆಗೆ ತಿರುಗುವ ಹೊತ್ತಿಗೆ ಅಲ್ಲಿ ಕಪ್ಪು ಚೌಕಗಳು ಮಾತ್ರ ಇದ್ದವು.

"ಅಳಿಸು" ಎಂದರು. ಅಳಿಸುತ್ತೇನೆ ಎಂದೆ. ಪಾಠ ಮುಗಿದ ಮೇಲೆ, ಅಳಿಸಿದೆಯಾ ಎಂದು ಕೇಳಿದರು. ಹೂಂ ಎಂದೆ. ಅಳಿಸಿರಲಿಲ್ಲ. ಯಾಕೆ ಅಂದರೆ ಏನು ಹೇಳಲಿ? ಚೆನ್ನಾಗಿ ಬಂದಿತ್ತು.

ಆ ಫೋಟೊವನ್ನು ನಾನು ಒಬ್ಬಳಿಗೇ ಕಳಿಸಿದೆ, ಸುಜಾತಳಿಗೆ. ಉಡುಪಿಯವಳು, ಪಕ್ಕದ ಬಡಾವಣೆ ಟಾರ್ನೀಟ್‌ನಲ್ಲಿ ಮನೆ, ಹದಿನಾರು ವರ್ಷಗಳ ಹಳೆಯ ಗೆಳತಿ, ನನ್ನ ಬಾಣಂತನಕ್ಕೆ ಊರಿಂದ ಯಾರೂ ಬರಲಾಗದಿದ್ದಾಗ ಹದಿನೈದು ದಿನ ಕಷಾಯ, ಗಂಜಿ ಹೊತ್ತು ತಂದವಳು. ಅವಳಿಗೆ ಹೇಳದೆ ನನ್ನ ಹೊಟ್ಟೆಗೆ ಸಮಾಧಾನವಿಲ್ಲ. ಕ್ಲಾಸಿನ ಕತೆ, ಆಪಾರ ಊರು ಎಲ್ಲ ಬರೆದು, ನೋಡಿ ಡಿಲೀಟ್ ಮಾಡು, ಯಾರಿಗೂ ಹೇಳಬೇಡ ಎಂದು ಸೇರಿಸಿದೆ. ಅವಳು ಕಣ್ಣೀರಿನ ಗುರುತು ಕಳಿಸಿದಳು. ಆಪಾ ನನಗೆ ಹೇಳಿದ್ದನ್ನೇ ನಾನು ಅವಳಿಗೆ ಹೇಳಿದ್ದೆ, ಅವಳು ಪಾಲಿಸಿದ್ದೂ ನಾನು ಪಾಲಿಸಿದಷ್ಟೆ.

ಮಾರ್ಚ್ ಬಂತು. ಸುಜಾತ ನಮ್ಮ ಕನ್ನಡ ಸಂಘದ ಮಹಿಳಾ ವಿಭಾಗದ ಕಾರ್ಯದರ್ಶಿ. ಮಹಿಳಾ ದಿನಾಚರಣೆಗೆ ಆಪಾಗೆ ಒಂದು ಸನ್ಮಾನ ಮಾಡುವ ಎಂದಳು. ನಾನು ಕುಣಿದೆ. ಸನ್ಮಾನ ಅಂದರೆ ಬೇರೆಯವರಿಗೆ ಹೇಗೋ, ನಮಗೆ ಅದು ಹೊಟ್ಟೆ ತುಂಬ ಊಟ ಹಾಕಿದ ಹಾಗೆ. ಒಳ್ಳೆಯವರು ಕಂಡರೆ ಸಾಕು, ಹಿಡಿದು ತಂದು ಕೂರಿಸಿ ಶಾಲು ಹೊದಿಸಿ, ಕೈಯಲ್ಲಿ ಹಣ್ಣಿನ ತಟ್ಟೆ ಇಟ್ಟರೇ ನಮಗೆ ನಿದ್ದೆ. ಕ್ಲಾಸಿನ ವಿಷಯ ಮಾತ್ರ ಎತ್ತಬಾರದು, ಚೈಲ್ಡ್‌ಕೇರ್ ಕೆಲಸ, ಹಿಂದೆ ಟೀಚರ್ ಆಗಿದ್ದರು, ಅಷ್ಟೇ ಇರಲಿ ಎಂದು ಸುಜಾತಳಿಗೆ ಹೇಳಿದೆ. ಆಯ್ತು ಎಂದಳು.

ಆಪಾ ಬೇಡವೆಂದರು. ಎರಡನೆಯ ಸಲವೂ ಬೇಡವೆಂದರು. ಮೂರನೆಯ ಸಲ ನಾನು ಮುಖ ಊದಿಸಿಕೊಂಡೆ. ಮನೆಗೆ ಬಂದವರು ಕುಂಕುಮ ಒಲ್ಲೆ ಅಂದರೆ ಹೇಗೋ ನಮ್ಮಲ್ಲಿ ಸನ್ಮಾನ ಒಲ್ಲೆ ಅಂದರೂ ಹಾಗೆ, ನನ್ನ ಮರ್ಯಾದೆಯ ಪ್ರಶ್ನೆ ಎಂದೆ. "ಖೈರ್ ಅಸ್ತ್, ನಿನಗೋಸ್ಕರ" ಎಂದು ಒಪ್ಪಿದರು.

ಭಾನುವಾರ ಮಧ್ಯಾಹ್ನ, ಬಾಡಿಗೆಗೆ ಹಿಡಿದ ಕಮ್ಯುನಿಟಿ ಹಾಲ್. ಬಿಸಿಬೇಳೆಬಾತ್‌ನ ವಾಸನೆ, ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಗಳು. ಆಪಾ ಇಸ್ತ್ರಿ ಮಾಡಿದ ಕಪ್ಪು ಕೋಟು, ನೀಲಿ ಸ್ಕಾರ್ಫ್ ತೊಟ್ಟು ವೇದಿಕೆಯ ಮೇಲೆ ಕೆತ್ತಿದ ಕುರ್ಚಿಯಲ್ಲಿ ಕೂತಿದ್ದರು. ಅಧ್ಯಕ್ಷರು ಶಾಲು ಹೊದಿಸಿ, ಸನ್ಮಾನಪತ್ರವನ್ನು ಮೈಕಿನಲ್ಲಿ ಓದಿದರು. ಕನ್ನಡದಲ್ಲಿ. ಮೊದಲ ಎರಡು ವಾಕ್ಯ ಚೈಲ್ಡ್‌ಕೇರ್. ಮೂರನೆಯದರಲ್ಲಿ ನಾನು ಬೇಡವೆಂದದ್ದೇ ಬಂತು. "ತಮ್ಮ ತಾಯ್ನಾಡಿನ ಕ್ರೂರ ಆಳ್ವಿಕೆಯ ಕಣ್ಣು ತಪ್ಪಿಸಿ, ಹನ್ನೊಂದು ಹೆಣ್ಣುಮಕ್ಕಳಿಗೆ ಗುಟ್ಟಾಗಿ ವಿದ್ಯಾದಾನ ಮಾಡುತ್ತಿರುವ..." ಊರಿನ ಹೆಸರೂ ಬಂತು. ಆಪಾಗೆ ಕನ್ನಡ ಒಂದಕ್ಷರ ಬರುವುದಿಲ್ಲ. ತಮ್ಮ ಊರಿನ ಹೆಸರು ಕೇಳಿದಾಗ ಅವರ ಮುಖ ಅರಳಿತು. ಬಲಗೈಯನ್ನು ಎದೆಯ ಮೇಲಿಟ್ಟು ಸಭೆಗೆ ತಲೆ ಬಾಗಿದರು. ಅವರ ಗುಟ್ಟನ್ನು ಅವರೆದುರೇ ಬಿಚ್ಚಿ ಹರಡುತ್ತಿದ್ದೆವು, ಅವರು ಅದಕ್ಕೆ ವಂದಿಸುತ್ತಿದ್ದರು. ಹಿಂದಿನ ಪರದೆಯ ಮೇಲೆ ಮೂರು ಮುಖ ಬಂದವು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಏನಿದು ಎಂದು ಆಪಾ ತಿರುಗುವಷ್ಟರಲ್ಲಿ ಸ್ಲೈಡ್ ಬದಲಾಗಿ ಪ್ರಾಯೋಜಕರ ಜಾಹೀರಾತು ಬಂದಿತ್ತು.

ನಾನು ಎದ್ದು ಕೂಗಬೇಕಿತ್ತು. ಕೂಗಲಿಲ್ಲ, ಚಪ್ಪಾಳೆ ತಟ್ಟಿದೆ. ಎಲ್ಲರೂ ತಟ್ಟುವಾಗ ಕೈ ತಾನಾಗಿ ಹೋಯಿತು.

ವಾಪಸು ಕಾರಿನಲ್ಲಿ ಆಪಾ ಶಾಲಿನ ಅಂಚು ಸವರುತ್ತ, ಅವರು ನನ್ನ ಬಗ್ಗೆ ಏನು ಓದಿದರು ಎಂದು ಕೇಳಿದರು. ನೀವು ಮಕ್ಕಳನ್ನು ಬಹಳ ಚೆನ್ನಾಗಿ ನೋಡಿಕೊಳ್ಳುತ್ತೀರಿ ಎಂದು ಓದಿದರು ಎಂದೆ. ನೂರೈವತ್ತು ಜನ ಕನ್ನಡಿಗರು, ಊಟ ಮಾಡಿ ಮರೆಯುತ್ತಾರೆ, ಸುಮ್ಮನೆ ಹೆದರಿಸುವುದೇಕೆ ಎಂದು ಲೆಕ್ಕ ಹಾಕಿದ್ದೆ.

ಆ ರಾತ್ರಿಯೇ ಸಂಘದವರು ತಮ್ಮ ಆನ್‌ಲೈನ್ ಪುಟದಲ್ಲಿ ಎಲ್ಲ ಹಾಕಿದ್ದರು. ಆಪಾರ ಹೆಸರು, ಊರು, ಆ ಮೂರು ಮುಖ, ಸನ್ಮಾನಪತ್ರದ ಇಂಗ್ಲಿಷ್ ಅನುವಾದ. ನಾನು ನೋಡಿದ್ದು ಸೋಮವಾರ ಸಂಜೆ. ಸುಜಾತಳಿಗೆ ಫೋನ್ ಮಾಡಿದೆ.

"ನೀನೇ ಕಳಿಸಿದ್ದಲ್ವಾ ಮಾರಾಯ್ತಿ?" ಎಂದಳು. "ಇಷ್ಟು ಒಳ್ಳೆ ಕೆಲಸ. ಮುಚ್ಚಿಡ್ಲಿಕ್ಕೆ ಎಂತ ಉಂಟು ಅದರಲ್ಲಿ?"

ಕಳ್ಳ ಕೆಲಸವನ್ನು ಮುಚ್ಚಿಡಬೇಕು, ಒಳ್ಳೆಯದನ್ನು ನಾಲ್ಕು ಜನಕ್ಕೆ ಹೇಳಬೇಕು ಎಂದು ನಾವು ಕಲಿತು ಬಂದವರು. ಒಳ್ಳೆಯದನ್ನೇ ಮುಚ್ಚಿಡಬೇಕಾದ ಊರೊಂದು ಇರುತ್ತದೆ ಎನ್ನುವುದು ಅವಳ ತಲೆಗೆ ಹೋಗಲೇ ಇಲ್ಲ. ನಾನು ಹರಿಹಾಯ್ದೆ, ಬಾಯಿಗೆ ಬಂದದ್ದು ಅಂದೆ. ಅಧ್ಯಕ್ಷರಿಗೆ ಫೋನ್ ಮಾಡಿದರೆ, "ಮೇಡಂ, ಸನ್ಮಾನ ಅಂದ್ಮೇಲೆ ಫೋಟೋ ಹಾಕ್ದೆ ಇರಕ್ಕಾಗತ್ತಾ? ಆಯ್ತು, ತೆಗೆಸ್ತೀನಿ ಬಿಡಿ" ಎಂದರು. ತೆಗೆದದ್ದು ಮಂಗಳವಾರ ಮಧ್ಯಾಹ್ನ. ಅಷ್ಟರಲ್ಲಿ ಇಲ್ಲಿನ ಅಫ್ಘನ್ನರೇ ಕೆಲವರು, ನಮ್ಮ ಹೆಣ್ಣುಮಗಳಿಗೆ ಭಾರತದವರು ಮಾಡಿದ ಗೌರವ ನೋಡಿ ಎಂದು, ಪ್ರೀತಿಯಿಂದಲೇ, ಹಂಚಿಕೊಂಡಿದ್ದರು.

ಆಪಾಗೆ ಆ ಪುಟಗಳ ಗೊಡವೆ ಇರಲಿಲ್ಲ, ಅವರು ಅದನ್ನು ನೋಡಲೂ ಇಲ್ಲ. ಅವರಿಗೆ ಗೊತ್ತಾದದ್ದು ಶುಕ್ರವಾರ ಊರಿನಿಂದ ಬಂದ ಒಂದು ಕರೆಯಿಂದ. ಅನಾರ್‌ಳ ದೊಡ್ಡಪ್ಪ ಫೋಟೊ ನೋಡಿದ್ದ. ಹೊಸ ಆಳ್ವಿಕೆಯವರ ಕಚೇರಿಯಲ್ಲೇ ಅವನಿಗೆ ಕೆಲಸ. ತನ್ನ ನೌಕರಿಗೆ, ಮನೆತನಕ್ಕೆ ಕುತ್ತು ಎಂದು ಹುಡುಗಿಯ ಫೋನ್ ಒಡೆದು, ಅವಳನ್ನು ದೂರದ ಹಳ್ಳಿಗೆ ಕಳಿಸಿ, ಅಲ್ಲೇ ಒಬ್ಬನಿಗೆ ನಿಶ್ಚಯ ಮಾಡಿದ. ಆ ತಿಂಗಳಲ್ಲೇ ಮದುವೆ.

ಸೋಮವಾರ ಬೆಳಿಗ್ಗೆ ಸಿಂಕಿನ ಪಕ್ಕ ನಿಂತು ಆಪಾ ಇಷ್ಟನ್ನೂ ಒಂದೇ ದನಿಯಲ್ಲಿ ಹೇಳಿದರು. ಆಮೇಲೆ ಕೇಳಿದರು. "ಅವತ್ತು ಅಳಿಸಿದೆ ಅಂದಿದ್ದೆಯಲ್ಲ?"

ನಾನು ಅತ್ತೆ. ಕಾಲಿಗೆ ಬೀಳಲು ಬಗ್ಗಿದೆ, ಅವರು ಹಿಂದಕ್ಕೆ ಸರಿದರು. ಮಕ್ಕಳು ತಿಂಡಿಗೆ ಕಾಯುತ್ತಿದ್ದವು. ಅವರು ಚಾಕು ತೆಗೆದುಕೊಂಡು ಸೇಬು ಹೆಚ್ಚತೊಡಗಿದರು, ಹೋಳುಗಳು ಎಂದಿನಂತೆ ಸಮನಾಗಿಯೇ ಬಂದವು.

ಉಳಿದ ಹತ್ತು ಹುಡುಗಿಯರು ಒಬ್ಬೊಬ್ಬರೇ ಪಾಠಕ್ಕೆ ಬರುವುದನ್ನು ನಿಲ್ಲಿಸಿದರು. ಆದರೂ ಎರಡು ವಾರ ಆಪಾ ಅದೇ ಹೊತ್ತಿಗೆ ಕಾರಿನಲ್ಲಿ ಕೂತು, ಹಲಗೆ ಒರಗಿಸಿಕೊಂಡು, ಯಾರಾದರೂ ಬರುತ್ತಾರೇನೋ ಎಂದು ಫೋನ್ ನೋಡುತ್ತಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಗಾಜು ಬಡಿಯುವ ಧೈರ್ಯ ಬರಲಿಲ್ಲ. ಸಂಘದಲ್ಲಿ ಆ ಸರಕಾರದ ವಿರುದ್ಧ ಖಂಡನಾ ನಿರ್ಣಯ ಮಾಡಿದರಂತೆ. ಸುಜಾತ ಒಂದು ಸಂಜೆ ಬಾಗಿಲಿಗೆ ಬಂದು ಅತ್ತಳು, ನಾನು ಒಳಗೆ ಕರೆಯಲಿಲ್ಲ. ಅವಳು ನನಗೆ ದ್ರೋಹ ಮಾಡಿದಳು ಎಂದು ಇಂದಿಗೂ ಸಿಟ್ಟಿದೆ. ಅವಳನ್ನು ಬೈಯುವಷ್ಟು ಹೊತ್ತು ನನ್ನನ್ನು ನಾನು ಬೈದುಕೊಳ್ಳುವುದು ತಪ್ಪುತ್ತದೆ, ಅದೂ ಗೊತ್ತಿದೆ.

ನಾನು ಒಂದು ಕೆಲಸ ಮಾತ್ರ ಪೂರಾ ಮಾಡಿದೆ. ನನ್ನ ಫೋನಿನಲ್ಲಿ, ಕಂಪ್ಯೂಟರಿನಲ್ಲಿ, ಸುಜಾತಳ ಫೋನಿನಲ್ಲಿ, ಸಂಘದ ಲ್ಯಾಪ್‌ಟಾಪಿನಲ್ಲಿ ಎದುರಿಗೆ ನಿಂತು ಆ ಫೋಟೊ ಅಳಿಸಿ ಹಾಕಿಸಿದೆ. ಅವುಗಳ ಒಳಗಿನ ಕಸದ ಬುಟ್ಟಿಯಿಂದಲೂ ತೆಗೆಸಿದೆ.

ಜೂನ್‌ನಲ್ಲಿ ಆಪಾ ಕೆಲಸ ಬಿಟ್ಟು ಸಿಡ್ನಿಯ ಲಿವರ್‌ಪೂಲ್‌ಗೆ, ತಂಗಿಯ ಮನೆಗೆ ಹೋದರು. ಹೋಗುವಾಗ ರೂಮಿನ ಎಲ್ಲರಿಗೂ ಕೈ ಎದೆಗಿಟ್ಟು ವಿದಾಯ ಹೇಳಿದರು, ಆ ಎಲ್ಲರಲ್ಲಿ ನಾನೂ ಒಬ್ಬಳಾಗಿದ್ದೆ.

ಹೋದ ತಿಂಗಳು ನನ್ನ ಮೈದುನ ಸಿಡ್ನಿಯ ಮಾರ್ಸ್ಡನ್ ಪಾರ್ಕ್‌ನಲ್ಲಿ ಹೊಸ ಮನೆಯ ಗೃಹಪ್ರವೇಶ ಮಾಡಿದ. ಅಲ್ಲಿಗೆ ಹೋದವಳು ಮರುದಿನ ಆಪಾರ ಮನೆಗೆ ಕರೆದುಕೊಂಡು ಹೋಗಿ ಎಂದು ನಮ್ಮವರ ಬೆನ್ನು ಹತ್ತಿದೆ. "ಹೋಗಿ ಏನ್ ಮಾಡಾಕಿ ಈಗ? ಅವರಿಗೆ ನಿನ್ನ ಮುಖಾ ನೋಡೂದರ ಬ್ಯಾಡೇನು?" ಎಂದರು. ಆದರೂ ಕಾರು ತೆಗೆದರು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಮೂರನೆಯ ಮಹಡಿಯ ಫ್ಲಾಟ್. ನಮ್ಮವರು ಕೆಳಗೇ ಉಳಿದರು.

ಬಾಗಿಲು ತೆಗೆದವರು ಆಪಾ. ಒಳಗೆ ಬಾ ಎಂದರು. ಏಲಕ್ಕಿ ಹಾಕಿದ ಹಸಿರು ಚಹಾ, ಬಾದಾಮಿ, ಒಣದ್ರಾಕ್ಷಿ ತಂದಿಟ್ಟರು. ಸೊರಗಿದ್ದರು. ಇಲ್ಲೂ ಚೈಲ್ಡ್‌ಕೇರ್ ಕೆಲಸವಂತೆ. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಹೇಳಿದೆ. ಕ್ಷಮಿಸಿ ಎಂದೆ. ಅವರು ಖೈರ್ ಅಸ್ತ್ ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ.

"ಕೆಟ್ಟವರಿಂದ ಹೇಗೆ ತಪ್ಪಿಸಿಕೊಳ್ಳಬೇಕು ಅಂತ ನನ್ನ ಹುಡುಗಿಯರಿಗೆ ಹೇಳಿಕೊಟ್ಟಿದ್ದೆ" ಎಂದರು. "ನಿನ್ನಂಥವರ ವಿಷಯ ಹೇಳಿಕೊಟ್ಟಿರಲಿಲ್ಲ."

ಚಹಾ ತಣ್ಣಗಾಗುತ್ತಿತ್ತು. ಅವರು ಬಟ್ಟಲನ್ನು ನನ್ನ ಕಡೆ ಸರಿಸಿ, ತಗ್ಗಿದ ದನಿಯಲ್ಲಿ, "ಆ ಫೋಟೊ ಇದೆಯಾ ನಿನ್ನ ಹತ್ತಿರ?" ಎಂದು ಕೇಳಿದರು.

ಎಲ್ಲ ಕಡೆ ಅಳಿಸಿದೆ, ಈ ಸಲ ದೇವರಾಣೆ ನಿಜ, ಒಂದೂ ಉಳಿದಿಲ್ಲ ಎಂದು ಹೇಳಿದೆ. ಅವರಿಗೆ ನೆಮ್ಮದಿಯಾಗುತ್ತದೆ ಅಂದುಕೊಂಡಿದ್ದೆ. ಅವರು ಕಣ್ಣು ಕೆಳಗೆ ಹಾಕಿದರು.

"ಎರಡು ವರ್ಷ ಅವಳ ದನಿ ಕೇಳಿದ್ದೇನೆ. ಶಾಲೆ ಮುಚ್ಚಿದಾಗ ಅವಳು ಸಣ್ಣ ತರಗತಿಯವಳು, ಆ ಮುಖ ನನಗೆ ನೆನಪಿಲ್ಲ. ಅವತ್ತು ಕಾರಿನಲ್ಲಿ ಫೋನ್ ನಿನ್ನ ಕಡೆ ಇತ್ತು" ಎಂದರು. "ನೀನು ನೋಡಿದ್ದೀಯಲ್ಲ. ಹೇಳು. ಅನಾರ್ ಹೇಗಿದ್ದಾಳೆ?"

ನಾನು ಹೇಳಿದೆ. ಅಗಲವಾದ ಹಣೆ ಎಂದೆ. ಕೂಡಿದ ಹುಬ್ಬು ಎಂದೆ. ಎಡಗೆನ್ನೆಯ ಮೇಲೆ ಸಣ್ಣ ಮಚ್ಚೆ, ನಕ್ಕರೆ ಅದು ಮೇಲಕ್ಕೆ ಹೋಗುತ್ತದೆ ಎಂದೆ. ಆಪಾ ಕಣ್ಣು ಮುಚ್ಚಿಕೊಂಡು ಕೇಳಿದರು. ಎಡಗೆನ್ನೆಯೇ ಎಂದು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡು, ತಮ್ಮ ಕೆನ್ನೆಯ ಮೇಲೆ ಬೆರಳಿಟ್ಟು ನೋಡಿಕೊಂಡರು. ಹೌದು, ಎಡಗೆನ್ನೆ ಎಂದೆ.

ಫೋಟೊದಲ್ಲಿ ಮೂವರಿದ್ದರು. ಅವತ್ತು ಯಾರೂ ಮಾತಾಡಿರಲಿಲ್ಲ, ಕೈ ಬೀಸಿದ್ದರು ಅಷ್ಟೆ. ಆ ಮೂವರಲ್ಲಿ ಅನಾರ್ ಯಾರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.